ಅಕ್ಕನ ಎಡೆಗೆ ಇಟ್ಟ ಟೀ

ಕುಂದಾಣದ ನಮ್ಮಕ್ಕ ಮುನಿವೆಂಕಟಮ್ಮ ಕಾಫಿ ಕುಡಿದು ಕುಡಿದೇ ನಿದ್ದೆ ಕಳೆದುಕೊಂಡವಳು. ಸೊಸೆ ಶಶಿರೇಖಾ ತುಳಸಿ, ನಿಂಬೆಹುಲ್ಲು, ಸೊಗದೆ ಬೇರು ಸೇರಿಸಿ ಕೆಫೀನಿಲ್ಲದ ಟೀ ಮಾಡಿಕೊಟ್ಟರೆ, "ಹುಲ್ಲು ಮೇಯಕ್ಕೆ ನಾನೇನು ಹಸುನಾ?" ಎಂದು ಲೋಟ ತಳ್ಳುತ್ತಿದ್ದಳು. ನಾನು ಕುಡಿದಿದ್ದೇನೆ. ಮೊದಲು ಒಗರು, ಆಮೇಲೆ ಗಂಟಲಿಗೆ ತಂಪಾದ ಸಿಹಿ. ಅಕ್ಕ ಮಾತ್ರ ಒಂದು ಗುಟುಕೂ ರುಚಿ ನೋಡದೆ ತೀರಿಕೊಂಡಳು. ಆ ಕೊರಗು ಶಶಿರೇಖಾಳನ್ನು ಬಿಡಲೇ ಇಲ್ಲ.

ಈ ಸಲದ ಪಿತೃಪಕ್ಷದಲ್ಲಿ ಅಕ್ಕನ ಎಡೆಗೆ ಅವಳು ಕಾಫಿ ಬದಲು ಆ ಟೀಯನ್ನೇ ಇಟ್ಟಳು.

"ಎದ್ದು ಬಂದು ಬೈತಾಳೆ ಕಣೇ," ಎಂದೆ.

"ಬೈಲಿ ಬಿಡಿ ಚಿಕ್ಕತ್ತೆ, ಆ ನೆಪದಲ್ಲಾದ್ರೂ ಬರ್ತಾರಲ್ಲ!"

ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ, ನಾವೆಲ್ಲ ಜಗಲಿಯಲ್ಲಿ ನಗುತ್ತ ಕುಳಿತೆವು. ಒಳಗೆ ಯಾರೋ ಬಿಸಿ ಆರಿಸಲು ಉಫ್ ಎಂದು ಊದಿದರು. ಹಿಂದೆಯೇ ಸೊರ್ ಎಂದು ಹೀರಿದ ಸದ್ದು. ಬಿಸಿಲ ಹೊತ್ತಿನಲ್ಲೂ ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬಂತು. ನಮ್ಮ ನಗು ನಿಂತಿತು.

ಪದ್ಧತಿಯಂತೆ ಒಮ್ಮೆ ಕೆಮ್ಮಿ, ಶಶಿರೇಖಾ ಬಾಗಿಲು ತೆರೆದಳು. ಕೋಣೆಯಲ್ಲಿ ಯಾರೂ ಇಲ್ಲ. ಲೋಟದಲ್ಲಿ ಒಂದು ತೊಟ್ಟೂ ಇಲ್ಲ. ಖಾಲಿ ಚಾಪೆಯ ಮೇಲಿಂದ ಗೊರಕೆ ಮಾತ್ರ ಕೇಳುತ್ತಿತ್ತು.

ಅವಳು ಕಣ್ಣೊರೆಸಿಕೊಂಡು, ಬಾಯ್ತುಂಬ ನಗುತ್ತ ಮೆಲ್ಲಗೆ ಬಾಗಿಲೆಳೆದಳು.

"ಯಾರೂ ಗಲಾಟೆ ಮಾಡ್ಬೇಡಿ, ಅತ್ತೆ ಮಲಗವ್ರೆ."

ಅವತ್ತಿನ ಹಬ್ಬದೂಟವನ್ನು ನಾವು ಪಿಸುಮಾತಿನಲ್ಲೇ, ನಗು ತಡೆದುಕೊಂಡು ಉಂಡೆವು. ಸಂಜೆ ದೀಪ ಹಚ್ಚುವ ಹೊತ್ತಿಗೂ ಗೊರಕೆ ನಿಂತಿರಲಿಲ್ಲ.