ಮಾಳವ್ವನ ಅರೆಬೆಂದ ಕುಡಿಕೆ

ತುಂಬಾ ಹಿಂದೆ, ಪ್ರಾಣಿಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ, ಸುವರ್ಣಗಾವಿ ಎಂಬ ರಾಜ್ಯವಿತ್ತು. ಅಲ್ಲಿ ಮಾಳವ್ವ ಎಂಬ ಕುಂಬಾರಗಿತ್ತಿ ಇದ್ದಳು. ಅವಳು ಮಣ್ಣು ತುಳಿದು ಹದ ಮಾಡುವಳು, ಗಂಡ ಗಿರಿಯಣ್ಣ ತಿಗರಿ ತಿರುಗಿಸುವನು. ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತ, ನಗುತ್ತ ಇರುತ್ತಿದ್ದರು.

ಆ ರಾಜ್ಯದ ಮೇಲೆ ಧೂಮಕನೆಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಕಣ್ಣಿಗೆ ಕಾಣದಷ್ಟು ಸಣ್ಣ ಸೈನಿಕರನ್ನು ಸೃಷ್ಟಿಸಿ ಗಾಳಿಗೆ ಬಿಟ್ಟ. ಗಾಯವಾದವರ ಮೈಯೊಳಗೆ ಅವರು ನುಗ್ಗುತ್ತಿದ್ದರು. ಮೊದಮೊದಲು ಅರಮನೆಯ ವೈದ್ಯ ವಾಸವಯ್ಯನವರ ಬಿಳಿ ಪುಡಿಗೆ ಅವರು ಸಾಯುತ್ತಿದ್ದರು. ಆದರೆ ಏಳು ದಿನ ತಿನ್ನಬೇಕಾದ ಪುಡಿಯನ್ನು ಜನ ಎರಡೇ ದಿನಕ್ಕೆ ಬಿಟ್ಟರು. ನೆಗಡಿಗೂ ಅದನ್ನೇ ನೆಕ್ಕಿದರು. ಸಾಯದೆ ಉಳಿದ ಸೈನಿಕರು ಪುಡಿಯ ಗುಟ್ಟು ಕಲಿತು ಕವಚ ತೊಟ್ಟರು, ಮಕ್ಕಳುಮರಿಗಳಿಗೂ ತೊಡಿಸಿದರು. ಆಮೇಲೆ ಮುಳ್ಳು ಚುಚ್ಚಿದರೂ ಜನ ಸಾಯತೊಡಗಿದರು.

ಒಂದು ದಿನ ಗಿರಿಯಣ್ಣನ ಪಾದಕ್ಕೆ ಹೆಂಚಿನ ಚೂರು ಹೊಕ್ಕಿತು. ಮೂರನೆಯ ದಿನಕ್ಕೆ ಕಾಲು ಬಾತು ಮೈ ಕೆಂಡವಾಯಿತು.

ವಾಸವಯ್ಯ ಬಂದು ನೋಡಿದರು. “ನನ್ನ ಪುಡಿ ಇನ್ನು ನಾಟುವುದಿಲ್ಲ, ತಾಯಿ. ಆದರೆ ಮಣ್ಣಿನಲ್ಲೂ ಕಣ್ಣಿಗೆ ಕಾಣದ ಜೀವಿಗಳಿವೆ. ಜಾಗಕ್ಕಾಗಿ ಕಾದಾಡುತ್ತ ಒಂದೊಂದು ಒಂದೊಂದು ಬಗೆಯ ರಸ ಸುರಿಸುತ್ತವೆ. ಈ ಕವಚ ಕರಗಿಸುವ ರಸ ಎಲ್ಲೋ ಇದ್ದೀತು. ನನಗೆ ಮಣ್ಣಿನ ಗುಣ ಗೊತ್ತಿಲ್ಲ.”

“ನನಗೆ ಗೊತ್ತು,” ಎಂದಳು ಮಾಳವ್ವ.

ಗಿರಿಯಣ್ಣ ಅವಳ ಸೆರಗು ಹಿಡಿದ. “ಬೇಡ ಕಣೆ ಮಾಳಿ. ಹತ್ತಿರ ಕೂತಿರು, ಸಾಕು.”

“ನಾನು ಕೂತರೆ ನೀವು ಉಳಿಯಲ್ಲ. ಗಂಜಿ ಕುಡೀತಾ ಇರಿ. ನಾನು ಬರೋವರೆಗೆ ಸಾಯಕೂಡದು,” ಎಂದು ಗದರಿಸಿ ಹೊರಟಳು. ಬಾಗಿಲು ದಾಟಿದ ಮೇಲೆ ಅತ್ತಳು.

ಮೊದಲು ಕೆಂಪು ಹುತ್ತಕ್ಕೆ ಹೋದಳು. ಏಳು ಹೆಡೆಯ ಸರ್ಪ ಅಡ್ಡ ಬಂತು.

“ನನ್ನ ಹೆದರಿಕೆ ಇಲ್ಲವೆ?”

“ಇದೆ. ಆದರೂ ಮಣ್ಣು ಬೇಕು.”

ಸುಳ್ಳು ಹೇಳಲಿಲ್ಲವೆಂದು ಸರ್ಪ ದಾರಿ ಬಿಟ್ಟಿತು. ವಾಸವಯ್ಯ ಆ ಮಣ್ಣಿನ ರಸವನ್ನು ಗಿರಿಯಣ್ಣನ ಗಾಯದ ಕೀವಿನ ಮೇಲೆ ಹನಿಸಿದರು. ಕೀವಿನೊಳಗಿಂದ ಸೈನಿಕರು ನಕ್ಕ ಸದ್ದು ಕೇಳಿಸಿತು. ಕವಚ ಕರಗಲಿಲ್ಲ.

ಎರಡನೆಯದಾಗಿ ಕರಡಿಯ ಗವಿಗೆ ಹೋದಳು. ಕರಡಿ ಅವಳ ಕೈಯಲ್ಲಿ ಮಧ್ಯಾಹ್ನವೆಲ್ಲ ಬೆನ್ನು ತುರಿಸಿಕೊಂಡು ಕಪ್ಪು ಮಣ್ಣು ಕೊಟ್ಟಿತು. ಆ ರಸಕ್ಕೆ ಸೈನಿಕರು ಸತ್ತರು. ಆದರೆ ಪರೀಕ್ಷೆಗೆಂದು ಒಂದು ಹನಿ ಬಿಟ್ಟ ನೀರಿನಲ್ಲಿದ್ದ ಮೀನೂ ಸತ್ತಿತು. “ಇದನ್ನು ಕುಡಿಸಿದರೆ ರೋಗಿಯೂ ಹೋಗುತ್ತಾನೆ,” ಎಂದು ವಾಸವಯ್ಯ ಅದನ್ನು ಚೆಲ್ಲಿದರು.

ಮೂರನೆಯದಾಗಿ ತಾವರೆಯ ಜೌಗಿಗೆ ಹೋದಳು. ಅಲ್ಲಿ ಸಾವಿರ ವರ್ಷದ ಆಮೆಯಿತ್ತು.

“ಎಷ್ಟೋ ವೈದ್ಯರು ಈ ಕೆಸರು ಒಯ್ದರು, ಮಗಳೆ. ಈ ನೆಲ ಬಿಟ್ಟರೆ ಇಲ್ಲಿನ ಜೀವಿಗಳು ರಸ ಕೊಡುವ ಮೊದಲೇ ಸಾಯುತ್ತವೆ. ಕೊಲ್ಲದೆ ರಸ ತೆಗೆಯಬಲ್ಲೆಯಾದರೆ ತೆಗೆದುಕೋ.”

ಮಾಳವ್ವ ದಂಡೆಯಲ್ಲಿ ಕೂತು ಯೋಚಿಸಿದಳು. ಆ ಜೌಗಿನ ಜೇಡಿಮಣ್ಣಿನಿಂದಲೇ ಅಂಗೈಯಗಲದ ಕುಡಿಕೆ ಮಾಡಿ, ಹುಲ್ಲುರಿಯಲ್ಲಿ ಅರೆಬರೆ ಸುಟ್ಟಳು. ನೀರು ಜಿನುಗಬೇಕು, ಒಳಗಿನ ಜೀವಿಗಳು ಹೊರಗೆ ಹೋಗಬಾರದು, ಅಂಥ ಹದ. ಅದಕ್ಕೆ ಕೆಸರು ತುಂಬಿ, ಬಾಯಿ ಮುಚ್ಚಿ, ಅದೇ ಕೆಸರಿನಲ್ಲಿ ಹೂತಳು. ಏಳು ದಿನ ಕಾದಳು. ದಿನಕ್ಕೊಮ್ಮೆ ಒಂದು ಕೊಕ್ಕರೆ ಊರಿಗೆ ಹೋಗಿ ಗಿರಿಯಣ್ಣನ ಸುದ್ದಿ ತರುತ್ತಿತ್ತು.

“ಏನಂದರು?”

“ಸತ್ತಿಲ್ಲವಂತೆ. ಗಂಜಿಗೆ ಉಪ್ಪು ಸಾಲದಂತೆ.”

ಎಂಟನೆಯ ಬೆಳಗ್ಗೆ ಕುಡಿಕೆ ತೆಗೆದಳು. ತಮ್ಮ ಮನೆಯಲ್ಲೇ ಇದ್ದೇವೆಂದುಕೊಂಡು ಜೀವಿಗಳು ಬೆಳೆದು, ಜೇನಿನ ಬಣ್ಣದ ರಸ ಸುರಿಸಿದ್ದವು. ಅದನ್ನು ಊರಿಗೆ ತಂದಳು. ಕೀವಿಗೆ ಅದು ತಗುಲಿದ್ದೇ ತಡ, ಕವಚಗಳು ನೀರಿಗೆ ಬಿದ್ದ ಬೆಲ್ಲದಂತೆ ಕರಗಿ ಸೈನಿಕರು ಸತ್ತರು. ಪರೀಕ್ಷೆಗೆ ಹನಿ ಬಿಟ್ಟ ನೀರಿನಲ್ಲಿ ಈ ಸಲ ಮೀನು ಬಾಲ ಬಡಿದು ಈಜಿತು. ಗಿರಿಯಣ್ಣ ಮೂರು ದಿನ ರಸ ಕುಡಿದು ಎದ್ದು ಕೂತ.

“ವಾಸಿಯಾಯಿತಲ್ಲ, ಇನ್ನು ಸಾಕು ಬಿಡೆ,” ಎಂದ.

“ಏಳು ದಿನ ಎಂದರೆ ಏಳು ದಿನ. ಬಾಯಿ ತೆಗೀರಿ,” ಎಂದಳು.

ಜೌಗಿನಲ್ಲಿ ಇನ್ನಷ್ಟು ಕುಡಿಕೆ ಹೂತು ರಸ ತೆಗೆದು, ಹೀಗೆಯೇ ಮನೆಮನೆಗೂ ಹೋಗಿ, ಕೊನೆಯ ಗುಟುಕು ಗಂಟಲಿಗಿಳಿಯುವವರೆಗೂ ನಿಂತು ಕುಡಿಸಿದಳು. ಧೂಮಕನ ಆಯುಸ್ಸು ಸೈನಿಕರಲ್ಲೇ ಇತ್ತು. ಕಡೆಯ ಸೈನಿಕ ಸತ್ತ ದಿನ ಅವನೂ ಬೂದಿಯಾಗಿ ಉದುರಿದ.

“ಏನು ಬೇಕು, ತಾಯಿ?” ಎಂದು ರಾಜ ಕೇಳಿದ.

“ಆ ಜೌಗನ್ನು ಯಾರೂ ಮುಚ್ಚಬಾರದು. ಇನ್ನೆಂದಾದರೂ ಬೇಕಾದೀತು.”

ರಾಜ ಹಾಗೆಂದು ಡಂಗುರ ಹೊಡೆಸಿದ. ಸುವರ್ಣಗಾವಿಯ ಮಕ್ಕಳು ಬರಿಗಾಲಲ್ಲಿ ಓಡಾಡಿ, ಬಿದ್ದು, ಮೊಣಕಾಲು ತರಚಿಕೊಂಡು, ಮತ್ತೆ ಎದ್ದು ಓಡಿದರು. ಅವರೆಲ್ಲರೂ ಮುದುಕರಾಗುವವರೆಗೆ ಬದುಕಿದರು.