ಸನಾವುಲ್ಲಾ ಮಾಮನ ಕ್ಯಾರಿಯರ್

“ಕಂಡಕ್ಟರ್ ಅಂಕಲ್, ಆ ಗಂಟು ಯಾರದು?”

ಮಧುಶ್ರೀ ಕೇಳಿದ್ದು ಮೆಲ್ಲಗೇ. ಭದ್ರಾವತಿ ಸ್ಟ್ಯಾಂಡಿನಲ್ಲಿ ನಿಂತಿದ್ದ ಶಿವಮೊಗ್ಗದ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಪಕ್ಕ, ಬಟ್ಟೆ ಸುತ್ತಿದ ಗಂಟೊಂದು ಕೂತಿತ್ತು. ಅವತ್ತಷ್ಟೇ ಆ ರೂಟಿಗೆ ಬಂದಿದ್ದ ಕಂಡಕ್ಟರ್ ಎಲ್ಲರನ್ನೂ ಕೇಳಿದ. ಯಾರೂ ನಮ್ಮದು ಎನ್ನಲಿಲ್ಲ.

“ಹಾಗಾದ್ರೆ ಬಾಂಬ್ ಇರಬಹುದು,” ಎಂದಳು ಮಧುಶ್ರೀ. ಈ ಸಲ ಮೆಲ್ಲಗಲ್ಲ.

ಬಸ್ಸು ಖಾಲಿಯಾಗಲು ಎಷ್ಟು ಹೊತ್ತು? ಇಳಿಯುವ ಗಡಿಬಿಡಿಯಲ್ಲಿ, ಅವಳ ಜೊತೆ ಶಿವಮೊಗ್ಗಕ್ಕೆ ಹೊರಟಿದ್ದ ಅಜ್ಜಿ ಬಂಗಾರಮ್ಮನ ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು.

ಪಾಪ, ಐದನೇ ಕ್ಲಾಸಿನ ಹುಡುಗಿಯನ್ನು ಬೈದು ಏನು ಪ್ರಯೋಜನ? ಮುಂಬೈಯಲ್ಲಿ ಉಗ್ರರ ದಾಳಿಗೆ ಹೊಗೆಯಾಡುತ್ತಿದ್ದ ಹೋಟೆಲನ್ನು ಹಿಂದಿನ ವಾರ ಟೀವಿಯಲ್ಲಿ ನೋಡಿದಾಗಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಬೆಳಿಗ್ಗೆ ಸ್ಕೂಲಿನಲ್ಲಿ ವಿಮಲಮ್ಮ ಮಿಸ್ಸನ್ನು ಕೇಳಿಯೂ ಇದ್ದಳು. “ಮಿಸ್, ದೇವರ ಹೆಸರು ಹೇಳ್ಕೊಂಡು ಯಾಕೆ ಕೊಲ್ತಾರೆ?”

“ಇದು ಇವತ್ತಿಂದಲ್ಲ ಕಣೇ,” ಎಂದಿದ್ದರು ಮಿಸ್. “ನೂರಾರು ವರ್ಷದಿಂದ ಬೇರೆ ಬೇರೆ ದೇಶದಲ್ಲಿ, ಬೇರೆ ಬೇರೆ ಧರ್ಮದವರು ಹೀಗೆ ಮಾಡಿದಾರೆ. ದೇವರಿಗೇ ನಾವು ಕಾವಲು ಅಂದ್ಕೊಂಡೋರು. ಎಲ್ಲೋ ಒಂದು ಬಾಂಬ್ ಹಾಕಿದ್ರೆ ಲೋಕದ ತುಂಬಾ ಜನ ಒಬ್ಬರನ್ನೊಬ್ಬರು ನೋಡಿ ಹೆದರ್ತಾರೆ. ಅವರಿಗೆ ಬೇಕಾಗಿರೋದೂ ಅದೇ.”

ಕೊನೆಗೆ, ಯಾರದೆಂದು ಗೊತ್ತಿಲ್ಲದ ಚೀಲ ಮುಟ್ಟಬೇಡಿ ಎಂದೂ ಹೇಳಿದ್ದರು. ಮಧುಶ್ರೀಯ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತು ಮಾತ್ರ.

ಕಂಡಕ್ಟರ್ ಕಿಟಕಿಯಿಂದ ಕೊಡೆ ತೂರಿಸಿ ಬಟ್ಟೆ ಸರಿಸಿದ. ಒಳಗೆ ಸ್ಟೀಲ್ ಕ್ಯಾರಿಯರ್. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿತ್ತು.

“ಸನಾವುಲ್ಲಾ,” ಎಂದು ಓದಿದ.

ಜನ ಇನ್ನಷ್ಟು ಹಿಂದೆ ಸರಿದರು. “ನಾನು ಅಂದ್ಕೊಂಡೆ,” ಎಂದರು ಒಬ್ಬರು. “ಪೊಲೀಸರಿಗೆ ಫೋನ್ ಮಾಡಿ,” ಎಂದರು ಇನ್ನೊಬ್ಬರು.

ಆ ಕ್ಯಾರಿಯರ್ ಮಧುಶ್ರೀಗೆ ಗೊತ್ತು. ನ್ಯೂ ಟೌನಿನಲ್ಲಿ ಪಕ್ಕದ ಮನೆಯದು. ರಂಜಾನ್ ಹಬ್ಬಕ್ಕೆ ಇವರ ಮನೆಗೆ ಸುರಕುಂಬಾ ಪಾಯಸ ಬರುವುದು ಅದರಲ್ಲೇ. ಅಪ್ಪನ ಜೊತೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಸನಾವುಲ್ಲಾ ಮಾಮ ಕಾಲು ಮುರಿದುಕೊಂಡು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು. ಅವರ ಹೆಂಡತಿ ಹಸೀನಾ ಆಂಟಿ ದಿನಾ ಊಟವನ್ನು ಈ ಬಸ್ಸಿನಲ್ಲಿ ಇಟ್ಟು ಹೋಗುತ್ತಿದ್ದರು. ಅಲ್ಲಿ ಯಾರಾದರೂ ಬಂದು ಇಳಿಸಿಕೊಳ್ಳುತ್ತಿದ್ದರು. ಊರಿನಲ್ಲಿ ತುಂಬಾ ಜನ ಮಾಡುವುದೂ ಹಾಗೆಯೇ. ಹಳೇ ಕಂಡಕ್ಟರಿಗೆ ಇದೆಲ್ಲ ಗೊತ್ತಿತ್ತು.

ಈಗ ಬಾಯಿಬಿಟ್ಟರೆ ಎಲ್ಲರೂ ಬೈಯುತ್ತಾರೆ. ಬಿಡದಿದ್ದರೆ ಮಾಮನಿಗೆ ಊಟವಿಲ್ಲ. ಮೇಲಾಗಿ, ಪೊಲೀಸರು ಹಸೀನಾ ಆಂಟಿಯ ಮನೆ ಬಾಗಿಲಿಗೆ ಬಂದರೆ?

“ಅದು ನಮ್ಮ ಪಕ್ಕದ್ಮನೆ ಮಾಮನ ಊಟ,” ಎಂದಳು. “ನಾನೇ ತಪ್ಪು ಹೇಳಿದೆ.”

“ಹೌದಲ್ಲೇ ಮಾರಾಯ್ತಿ, ನಮ್ಮ ಹಸೀನಾದು,” ಎಂದಳು ಅಜ್ಜಿ. ಒಂಟಿ ಚಪ್ಪಲಿಯಲ್ಲೇ ಬಸ್ ಹತ್ತಿ, ಕ್ಯಾರಿಯರ್ ಬಿಚ್ಚಿ ಎಲ್ಲರಿಗೂ ತೋರಿಸಿದಳು. ಅನ್ನ, ಸಾರು, ಒಂದು ಬೇಯಿಸಿದ ಮೊಟ್ಟೆ.

ಜನ ಗೊಣಗುತ್ತಾ ಹತ್ತಿದರು. ಮಧುಶ್ರೀ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿಯ ಜೊತೆ ಮೂರು ಜನರ ಸೀಟಿನಲ್ಲಿ ಕೂತಳು. ಶನಿವಾರದ ಬಸ್ಸು, ಕಾಲಿಡಲು ಜಾಗವಿಲ್ಲ. ಆದರೂ ಇವರ ಸೀಟಿಗೆ ಯಾರೂ ಬರಲಿಲ್ಲ. ಕ್ಯಾರಿಯರಿನ ಕಡೆ ನೋಡಿ, ಕಂಬಿ ಹಿಡಿದು ನಿಂತೇ ಇದ್ದರು. ಮಾಚೇನಹಳ್ಳಿ ದಾಟಿದರೂ ಅಷ್ಟೇ.

ಮಧುಶ್ರೀ ಮುಚ್ಚಳದ ಹೆಸರಿನ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ತೆಗೆದಳು.

ಆಸ್ಪತ್ರೆಯಲ್ಲಿ ಮಾಮ ಅವಳನ್ನು ಕಂಡು ನಕ್ಕರು. “ನೀನೇ ತಂದ್ಯಾ ಮಗಾ? ಬಸ್ ರಶ್ ಇತ್ತಾ?”

“ತುಂಬಾ ಇತ್ತು ಮಾಮ.”

“ಪಾಪ, ನಿಂತ್ಕೊಂಡೇ ಬಂದ್ಯಾ?”

“ಇಲ್ಲ. ನಮ್ಮ ಪಕ್ಕ ಯಾರೂ ಕೂತ್ಕೊಳ್ಲಿಲ್ಲ.”

ಮಾಮ ಕ್ಯಾರಿಯರ್ ನೋಡಿದರು, ಅವಳ ಮುಖ ನೋಡಿದರು. “ನಂಗೂ ಎಷ್ಟೋ ಸಲ ಹಂಗೇ ಸೀಟ್ ಸಿಕ್ಕಿದೆ,” ಎಂದು ಮೊಟ್ಟೆಯನ್ನು ಎರಡು ಮಾಡಿ, ದೊಡ್ಡ ಚೂರನ್ನು ಅವಳ ಕೈಗಿಟ್ಟರು.

ಮಧುಶ್ರೀ ಸ್ಟೂಲಿನಿಂದ ಎದ್ದು, ಮಂಚದ ಮೇಲೆ ಮಾಮನ ಪಕ್ಕ ಬಂದು ಕೂತಳು.