ಒಂದೇ ಒಲೆ, ಇಬ್ಬರು ಶತ್ರುಗಳು

ಅಕ್ಕನ ಅಡುಗೆಮನೆಯ ಬಾಗಿಲಲ್ಲೇ ಟೀಚರ್ ಗಕ್ಕನೆ ನಿಂತುಬಿಟ್ಟಳು.

ಒಲೆಯ ಮುಂದೆ ನಿಂತಿದ್ದವನು ಭಾವನ ತಮ್ಮ! ಜನ್ಮದಲ್ಲಿ ಇನ್ನು ಇವನ ಮುಖ ನೋಡಬಾರದು ಅಂದುಕೊಂಡಿದ್ದಳಲ್ಲ, ಅದೇ ಮನುಷ್ಯ.

‘ಇವನೂ ಬರ್ತಾನೆ ಅಂತ ಅಕ್ಕ ಒಂದು ಮಾತು ಹೇಳಬಾರದಿತ್ತಾ...’

ಅಕ್ಕ ಯಾಕೆ ಹೇಳುತ್ತಾಳೆ? ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದ ಆ ಮಹಾರಾಣಿ, ಕ್ರೀಮ್ ಹಾಕಿದ ಪಾಸ್ತಾ ತಿನ್ನುವ ಆಸೆಯಾಗಿದೆ ಎಂದು ತಂಗಿಗೂ ಫೋನ್ ಮಾಡಿದ್ದಳು, ಮೈದುನನಿಗೂ ಫೋನ್ ಮಾಡಿದ್ದಳು. ಭಾವ ಊರಲ್ಲಿರಲಿಲ್ಲ.

ಎರಡು ವರ್ಷದ ಹಿಂದೆ, ಅಕ್ಕನ ಮದುವೆ ಊಟದ ಹೊತ್ತಿನಲ್ಲಿ ಚಿಕ್ಕಪ್ಪ ಸುಮ್ಮನಿರಲಾರದೆ ಒಂದು ಮಾತು ಎತ್ತಿದ್ದರು. ಅಕ್ಕ ಅಣ್ಣನಿಗಾದಳು, ತಂಗಿಯನ್ನು ತಮ್ಮನಿಗೇ ಕೊಟ್ಟುಬಿಟ್ಟರೆ ಹೇಗೆ? ಎಲ್ಲರೂ ಇವನ ಕಡೆ ತಿರುಗಿದರು. ಇವನು ತಟ್ಟೆಯಿಂದ ತಲೆಯೆತ್ತಿ “ಬೇಡ” ಅಂದ. ಅಷ್ಟೇ. ನೆಂಟರೆಲ್ಲ ಅವಳನ್ನು ನೋಡಿ ಅಯ್ಯೋ ಪಾಪ ಅಂದರು. ಮದುವೆ ಓಡಾಟದಲ್ಲಿ ಅವನಿಗೆ ಮನಸ್ಸು ಕೊಟ್ಟು ಕೂತಿದ್ದವಳಿಗೆ ಅದು ಕರುಳು ಕಿತ್ತಂತಾಗಿತ್ತು.

ಈಗ ಬೇರೊಂದು ಸಂಬಂಧ ಬಂದಿತ್ತು. ಊಟವಾದ ಮೇಲೆ ಅಕ್ಕನಿಗೆ ಹೂಂ ಅನ್ನಬೇಕೆಂದೇ ಅವಳು ಹೊರಟು ಬಂದಿದ್ದಳು.

ಅವನು ಲಿಫ್ಟ್ ರಿಪೇರಿ ಮಾಡುವವನು. ಬಲ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಬೇರೆ. ಕುದಿಯುವ ನೀರಿನಲ್ಲಿ ಸೌಟು ಆಡಿಸಿದ ರಭಸಕ್ಕೆ ಕಡುಬಿನಂತೆ ಹೂರಣ ತುಂಬಿದ್ದ ಎರಡು ಪಾಸ್ತಾ ಒಡೆದು, ಒಳಗಿನ ಪಾಲಕ್ಕು, ಚೀಸು ಎಲ್ಲ ತೇಲಿಬಂತು.

ಅವಳು ಸೌಟು ಕಿತ್ತುಕೊಂಡಳು. ತುಂಬಿದ ಪಾಸ್ತಾ ತಾನಾಗಿ ಮೇಲೆ ಬಂದಾಗ ಮೆತ್ತಗೆ ಎತ್ತಬೇಕು ಎಂದು ಗದರಿದಳು. ಇದು ಕ್ಲಾಸ್‌ರೂಮ್ ಅಲ್ಲ ಟೀಚರಮ್ಮ ಎಂದ ಅವನು. ಅವನು ಬೆಣ್ಣೆಯಲ್ಲಿ ಬೆಳ್ಳುಳ್ಳಿ ಕರಕಲು ಮಾಡಿದ, ಅವಳು ಅದನ್ನು ಚೆಲ್ಲಿ ಹೊಸದಾಗಿ ಹಾಕಿದಳು. ಅವಳು ಕ್ರೀಮ್ ಸುರಿದು ಉರಿ ಸಣ್ಣ ಮಾಡಿದರೆ ಅವನು ದೊಡ್ಡದು ಮಾಡಿದ. ಎಣ್ಣೆ ಸೀಗೆಕಾಯಿ ಅಂದರೆ ಇದೇ ನೋಡಿ!

ಪಾಸ್ತಾ ಎತ್ತಿದ್ದೇ ತಡ, ಬೇಯಿಸಿದ ನೀರನ್ನು ಅವನು ಸಿಂಕಿಗೆ ಬಗ್ಗಿಸಿಬಿಟ್ಟ. ಗಟ್ಟಿಯಾಗುತ್ತಿದ್ದ ಸಾಸ್‌ಗೆ ಆ ನೀರೇ ಬೇಕಿತ್ತು.

“ಒಂದು ಮಾತು ಕೇಳಿ ಚೆಲ್ಲಬಾರದಾ?” ಅವಳು ಸಿಡಿದಳು. “ಕೇಳೋ ಅಭ್ಯಾಸ ನಿಮಗೆಲ್ಲಿ... ಬೇಡ ಅನ್ನೋದು ಮಾತ್ರ ಚೆನ್ನಾಗಿ ಬರುತ್ತೆ.”

ಅವನು ಪಾತ್ರೆ ಕೆಳಗಿಟ್ಟ. ಅವಳ ಕಡೆ ತಿರುಗಿದ.

“ಅವತ್ತು ನಿನ್ನ ಮುಖ ನೋಡಿದೆ. ರಕ್ತವೇ ಇರಲಿಲ್ಲ. ಇಷ್ಟ ಇಲ್ಲ ಅಂದ್ಕೊಂಡೆ. ಅಷ್ಟು ಜನರ ಮುಂದೆ ನೀನು ಬೇಡ ಅಂದಿದ್ರೆ ಹುಡುಗಿಗೆ ಕೊಬ್ಬು ಅಂತಿದ್ರು. ಅದಕ್ಕೆ ನಾನೇ ಅಂದೆ.”

ಅವಳು ಸೌಟು ಕೆಳಗಿಟ್ಟಳು.

“ನನಗೆ ಹೆದರಿಕೆಯಾಗಿತ್ತು... ನೀವೆಲ್ಲಿ ಬೇಡ ಅಂತೀರೋ ಅಂತ.”

ಅವನು ಒಲೆ ಆರಿಸಿದ. ಎರಡು ವರ್ಷ ಅವಳು ಸುರಿಸಿದ ಕಣ್ಣೀರು, ನುಂಗಿದ ಸಿಟ್ಟು, ಎಲ್ಲಾ ಸುಮ್ಮಸುಮ್ಮನೆ! ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಕೋಣೆಯಿಂದ ಅಕ್ಕ ಕೂಗಿದಳು. “ಏನೇ, ಆ ಗಂಡಿನ ಮನೆಯವರಿಗೆ ಏನಂತ ಹೇಳಲಿ? ಆಗಲೇ ಎರಡು ಸಲ ಫೋನ್ ಬಂತು.”

ಅವನು ಅವಳನ್ನೇ ನೋಡಿದ. ಈ ಸಲ ಅವಳ ಬದಲು ತಾನು ಉತ್ತರಿಸಲು ಹೋಗಲಿಲ್ಲ.

“ಆಗಲ್ಲ ಅಂತ ಹೇಳಕ್ಕಾ,” ಎಂದಳು, ಮನೆಗೆಲ್ಲ ಕೇಳುವ ಹಾಗೆ. ಆಮೇಲೆ ದನಿ ತಗ್ಗಿಸಿ ಅವನಿಗೆ, “ಇಲ್ಲಿ ಯಾರೂ ಇಲ್ಲ. ನನ್ನನ್ನೇ ಕೇಳಿ ಈಗ.”

“ನನ್ನ ಮದುವೆ ಆಗ್ತೀಯಾ?”

“ಹೂಂ,” ಎಂದಳು. ಕಣ್ಣು ತುಂಬಿ ಬಂತು. “ಅವತ್ತೂ ಇದನ್ನೇ ಹೇಳ್ತಿದ್ದೆ ಕಣೋ.”